ತೇಪೆಯ ಶಾಸ್ತ್ರ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಪಂಪಮಹಾಕವಿಯ ಹೆಸರನ್ನು ಹೊತ್ತ ರಸ್ತೆಯೊಂದುಂಟು. ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರವಿರುವುದು ಈ ರಸ್ತೆಯಲ್ಲಿ; ಶ್ರೀ ಚಾಮರಾಜೇಂದ್ರ ಸಂಸ್ಕೃತ ಕಾಲೇಜು ಇರುವುದೂ ಈ ರಸ್ತೆಯಲ್ಲಿಯೇ. ಕನ್ನಡದ ಪದಗಳನ್ನು ಒಂದೊಂದಾಗಿ ಆರಿಸಿ, ಅರ್ಥವನ್ನು ಬರೆದು, ಪ್ರಯೋಗವನ್ನು ತೋರಿಸಿ, 1970ರಿಂದ 1995ರ ವರೆಗೆ ಎಂಟು ಸಂಪುಟಗಳ ನಿಘಂಟನ್ನು ಹೊರತಂದದ್ದು ಮೊದಲನೆಯ ಸಂಸ್ಥೆ. ಪಾಣಿನಿಯ ಸೂತ್ರಗಳನ್ನು ಹುಡುಗರ ನಾಲಗೆಯ ಮೇಲೆ ನಿಲ್ಲಿಸಿದ್ದು ಎರಡನೆಯದು. ಸರ್ಕಾರದವರು ಜನರಿಗೆ ಉಚಿತವಾಗಿ ಹಂಚಿದ ‘ನುಡಿ’ಯೆಂಬ ತಂತ್ರಾಂಶವನ್ನು ಸಿದ್ಧಪಡಿಸಿದ ಕನ್ನಡ ಗಣಕ ಪರಿಷತ್ತು ಕೂಡ ಈ ಪೇಟೆಯದೇ ಆಗಿದೆ. ತಪ್ಪನ್ನು ಹುಡುಕುವುದು, ಹುಡುಕಿದ್ದನ್ನು ತಿದ್ದುವುದು, ತಿದ್ದಿದ್ದು ಸರಿಯೋ ಅಲ್ಲವೋ ಎಂದು ಮತ್ತೊಬ್ಬರಿಂದ ನೋಡಿಸುವುದು, ಈ ಮೂರು ಕೆಲಸಗಳೂ ಈ ಪೇಟೆಗೆ ಹೊಸವಲ್ಲವೆಂಬುದನ್ನು ವಾಚಕರು ಇದರಿಂದ ಊಹಿಸಿಕೊಳ್ಳಬಹುದು.

ಇಲ್ಲಿಯ ಒಂದು ಹಳೆಯ ಮನೆಯಲ್ಲಿ ಎಂಬತ್ತನ್ನು ದಾಟಿದ ಪಂಡಿತರೊಬ್ಬರು ವಾಸವಾಗಿದ್ದಾರೆ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿ, ಆಮೇಲೆ ಮೂವತ್ತು ವರ್ಷ ಹೈಸ್ಕೂಲುಗಳಲ್ಲಿ ಭಾಷಾಪಂಡಿತರಾಗಿದ್ದು, ಈಗ ವಿಶ್ರಾಂತರಾಗಿರುವವರು. ಬೆಳಿಗ್ಗೆ ಸ್ನಾನ ಸಂಧ್ಯೆ, ಮಧ್ಯಾಹ್ನ ಯಾರಾದರೂ ತಂದುಕೊಟ್ಟ ಕರಡಚ್ಚನ್ನು ತಿದ್ದುವುದು, ಸಂಜೆ ನಡೆದುಕೊಂಡು ಗಾಂಧಿಬಜಾರಿನ ವರೆಗೆ ಹೋಗಿ ಬರುವುದು. ಇದು ಅವರ ದಿನಚರಿ. ಅವರ ಮಗನ ಮಗಳು ಹಗಲೆಲ್ಲ ಒಂದು ಕಂಪನಿಯಲ್ಲಿ ದುಡಿದು ಬಂದು, ರಾತ್ರಿಯ ಊಟವಾದ ಮೇಲೆ ಮತ್ತೆ ಗಣಕಯಂತ್ರದ ಮುಂದೆ ಕುಳಿತುಕೊಳ್ಳುತ್ತಾಳೆ. ಈ ಎರಡನೆಯ ಕೆಲಸಕ್ಕೆ ಸಂಬಳವಿಲ್ಲ. ಹಳೆಯ ಕಡತಗಳಲ್ಲಿರುವ ಕನ್ನಡವನ್ನು ಯೂನಿಕೋಡಿನ ಕನ್ನಡಕ್ಕೆ ಪರಿವರ್ತಿಸುವ ಮುಕ್ತ ತಂತ್ರಾಂಶವೊಂದನ್ನು ಎಲ್ಲೆಲ್ಲಿಯೋ ಇರುವ ಹತ್ತು ಹನ್ನೆರಡು ಮಂದಿ ಸೇರಿ ಬೆಳೆಸುತ್ತಿದ್ದಾರೆ, ಆಕೆ ಅವರಲ್ಲೊಬ್ಬಳು. ಒಬ್ಬರ ಮುಖವನ್ನೊಬ್ಬರು ನೋಡಿದವರಲ್ಲ.

ಒಂದು ರಾತ್ರಿ ಆಕೆಯ ಮುಖ ಬಾಡಿದ್ದನ್ನು ಪಂಡಿತರು ಕಂಡರು.

“ಏನಮ್ಮ, ಏನಾಯಿತು?”

“ನಾನು ಕಳಿಸಿದ ಪ್ಯಾಚ್ ಎರಡನೆಯ ಸಲವೂ ಹಿಂದಕ್ಕೆ ಬಂತು, ತಾತ.”

“ಪ್ಯಾಚ್ ಎಂದರೆ?”

“ತೇಪೆ ಅಂತಿಟ್ಟುಕೊಳ್ಳಿ.”

“ತೇಪೆ ಹಾಕುವುದನ್ನು ಕಂಡಿದ್ದೇನೆ. ಹಾಕಿದ ತೇಪೆಯನ್ನು ಹಿಂದಕ್ಕೆ ಕಳಿಸುವುದನ್ನು ಈಗಲೇ ಕೇಳಿದ್ದು,” ಎಂದು ಪಂಡಿತರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ತೇಪೆಯೆಂಬ ಮಾತು ಇಲ್ಲಿ ಬರಿಯ ರೂಪಕವಲ್ಲ. ಗಣಕಯಂತ್ರಗಳ ಮೊದಲ ಕಾಲದಲ್ಲಿ ಯಂತ್ರಕ್ಕೆ ಕೊಡತಕ್ಕ ಆಜ್ಞೆಗಳನ್ನು ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಕೊರೆಯುತ್ತಿದ್ದರು. ಎಲ್ಲಿಯಾದರೂ ತಪ್ಪು ತೂತು ಬಿದ್ದಿದ್ದರೆ ಇಡೀ ಪಟ್ಟಿಯನ್ನು ಮತ್ತೆ ಕೊರೆಯುವುದು ಸಾಧ್ಯವೆ? ತಪ್ಪಿದ್ದೆಡೆಯಲ್ಲಿ ಕಾಗದದ ಚೂರೊಂದನ್ನು ಅಂಟಿಸಿ ಮುಚ್ಚುತ್ತಿದ್ದರು, ಇಲ್ಲವೆ ಆ ಭಾಗವನ್ನು ಕತ್ತರಿಸಿ ಬೇರೆಯದನ್ನು ಜೋಡಿಸುತ್ತಿದ್ದರು. ನಿಜವಾದ ತೇಪೆಯೇ ಅದು. ಪಟ್ಟಿ ಹೋಯಿತು, ಹೆಸರು ಉಳಿಯಿತು. ಬಳಿಕ 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಗ್ಲಸ್ ಮೆಕಿಲ್ರಾಯ್ ಎಂಬವರು ಎರಡು ಬರಹಗಳನ್ನು ಸಾಲುಸಾಲಾಗಿ ಹೋಲಿಸಿ ಭೇದವಿರುವ ಸಾಲುಗಳನ್ನು ಮಾತ್ರ ತೆಗೆದು ತೋರಿಸುವ ‘ಡಿಫ್’ ಎಂಬ ಸಾಧನವನ್ನು ರಚಿಸಿದರು. ನಮ್ಮ ಸಂಪಾದಕರು ಎರಡು ಓಲೆಗರಿಯ ಪ್ರತಿಗಳನ್ನು ಎದುರುಬದುರಾಗಿ ಇಟ್ಟುಕೊಂಡು ಪಾಠಾಂತರಗಳನ್ನು ಗುರುತಿಸುವ ಕೆಲಸವನ್ನೇ ಅದು ಕ್ಷಣಮಾತ್ರದಲ್ಲಿ ಮಾಡುತ್ತದೆ. 1985ರಲ್ಲಿ ಲ್ಯಾರಿ ವಾಲ್ ಎಂಬವರು ಅದರ ಇನ್ನರ್ಧವನ್ನು ಒದಗಿಸಿದರು. ಭೇದಗಳ ಪಟ್ಟಿಯನ್ನು ಮಾತ್ರ ಕಳಿಸಿದರೆ ಸಾಕು. ಇವರ ‘ಪ್ಯಾಚ್’ ಎಂಬ ಪ್ರೋಗ್ರಾಮು ಅದನ್ನೋದಿ ಹಳೆಯ ಬರಹವನ್ನು ಹೊಸದಾಗಿ ಮಾಡುತ್ತದೆ. ಈ ವಾಲ್ ಮಹಾಶಯರು ಭಾಷಾಶಾಸ್ತ್ರವನ್ನೋದಿದವರು. ಲಿಪಿಯಿಲ್ಲದ ಭಾಷೆಯೊಂದಕ್ಕೆ ಲಿಪಿಯನ್ನು ಕಲ್ಪಿಸಿಕೊಡಬೇಕೆಂದಿದ್ದವರು. ತಿದ್ದುಪಡಿಯ ಸೂಕ್ಷ್ಮ ಅಂಥವರಿಗೆ ಹೊಳೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೊಮ್ಮಗಳು ತನ್ನ ತೇಪೆಯನ್ನು ತೆರೆದು ತೋರಿಸಿದಳು. ಮೇಲೆ, ಏನನ್ನು ಏತಕ್ಕಾಗಿ ಬದಲಾಯಿಸಿದೆಯೆಂಬ ನಾಲ್ಕು ಸಾಲಿನ ವಿವರಣೆ. ಅದರ ಕೆಳಗೆ ಆಕೆಯ ಹೆಸರು. ಆಮೇಲೆ ಮೂಲದ ಸಾಲುಗಳು. ತೆಗೆದುಹಾಕಿದ ಸಾಲಿನ ಮುಂದೆ ಕಳೆಯುವ ಗುರುತು, ಸೇರಿಸಿದ ಸಾಲಿನ ಮುಂದೆ ಕೂಡುವ ಗುರುತು. ಬದಲಾವಣೆಯ ಹಿಂದೆ ಮೂರು ಸಾಲು, ಮುಂದೆ ಮೂರು ಸಾಲು ಯಥಾಸ್ಥಿತಿಯಲ್ಲಿರುವವು. ಅವು ಸ್ಥಳವನ್ನು ಗುರುತಿಸುವುದಕ್ಕಾಗಿ. ಅಷ್ಟರಲ್ಲಿ ಬೇರೆ ಯಾರೋ ಮೇಲೆ ಹತ್ತು ಸಾಲು ಸೇರಿಸಿ, ಸಾಲಿನ ಸಂಖ್ಯೆ ಹೆಚ್ಚು ಕಡಮೆಯಾಗಿದ್ದರೂ, ಈ ನೆರೆಹೊರೆಯ ಸಾಲುಗಳ ಬಲದಿಂದ ತೇಪೆ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ.

“ಪ್ರಕರಣದಿಂದ ಸ್ಥಾನನಿರ್ಣಯ,” ಎಂದರು ಪಂಡಿತರು. “ಸರಿಯಾಗಿದೆ. ಆದರೆ ತಪ್ಪಾದ ಸಾಲನ್ನು ಇನ್ನೂ ಏಕೆ ಇಟ್ಟಿದ್ದೀಯೆ?”

“ಅದನ್ನು ಇಡಲೇಬೇಕು, ತಾತ. ಏನನ್ನು ತೆಗೆದೆ ಅಂತ ಗೊತ್ತಾಗದಿದ್ದರೆ ಏನನ್ನು ಹಾಕಿದೆ ಅಂತ ಹೇಗೆ ಗೊತ್ತಾಗುತ್ತೆ?”

ಈ ಮಾತಿಗೆ ಪಂಡಿತರು ತಕ್ಷಣ ಉತ್ತರ ಕೊಡಲಿಲ್ಲ. ಅದರ ಕಾರಣ ಮುಂದೆ ತಿಳಿಯುವುದು.

ವ್ಯಾಕರಣವನ್ನೋದಿದವರಿಗೆ ಈ ವ್ಯವಸ್ಥೆ ಪೂರ್ವಪರಿಚಿತವೆಂದೇ ಹೇಳಬೇಕು. ಪಾಣಿನಿಯ ಸುಮಾರು 4,000 ಸೂತ್ರಗಳಲ್ಲಿ ಅನೇಕವನ್ನು ಕಾತ್ಯಾಯನನು ಪರೀಕ್ಷಿಸಿದ್ದಾನೆ. ಉಕ್ತವಾದದ್ದು, ಅನುಕ್ತವಾದದ್ದು, ದುರುಕ್ತವಾದದ್ದು, ಅಂದರೆ ಹೇಳಿರುವುದು, ಹೇಳದೆ ಬಿಟ್ಟಿರುವುದು, ಸರಿಯಾಗಿ ಹೇಳದಿರುವುದು, ಈ ಮೂರನ್ನೂ ವಿಚಾರಮಾಡುವುದೇ ವಾರ್ತಿಕದ ಲಕ್ಷಣವೆಂದು ಶಾಸ್ತ್ರಜ್ಞರ ಮತ. ತಂತ್ರಾಂಶದವರ ತೇಪೆಗಳಲ್ಲಿಯೂ ಇದಕ್ಕಿಂತ ಬೇರೆಯಾದ ನಾಲ್ಕನೆಯ ಬಗೆಯೊಂದನ್ನು ಹುಡುಕುವುದು ಕಷ್ಟ. ಕಾತ್ಯಾಯನನು ಪಾಣಿನಿಯ ಸೂತ್ರದ ಮೇಲೆ ಕೈಯಿಟ್ಟು ಅಳಿಸಲಿಲ್ಲ. ಸೂತ್ರ ಸೂತ್ರವಾಗಿಯೇ ಉಳಿಯಿತು. ಅದರ ಪಕ್ಕದಲ್ಲಿ ಇವನ ಮಾತು ನಿಂತಿತು. ಮೂರನೆಯವನಾಗಿ ಬಂದ ಪತಂಜಲಿಯಾದರೋ ಪರಿಶೀಲಕನ ಸ್ಥಾನದಲ್ಲಿ ಕುಳಿತವನು. ವಾರ್ತಿಕಕಾರನು ತಂದ ತೇಪೆಗಳಲ್ಲಿ ಕೆಲವನ್ನು ಒಪ್ಪುತ್ತಾನೆ. ಕೆಲವನ್ನು ಅನಾವಶ್ಯಕವೆಂದು, ಸೂತ್ರವನ್ನೇ ಸರಿಯಾಗಿ ಓದಿಕೊಂಡರೆ ಆ ದೋಷವೇ ಇಲ್ಲವೆಂದು ಹಿಂದಕ್ಕೆ ಕಳಿಸುತ್ತಾನೆ. ಮೂವರು ಮುನಿಗಳಲ್ಲಿ ಭೇದ ಬಂದಾಗ ಹಿಂದಿನವನಿಗಿಂತ ಮುಂದೆ ಬಂದವನ ಮಾತೇ ಹೆಚ್ಚು ಪ್ರಮಾಣವೆಂದು ಸಂಪ್ರದಾಯ. ಹಾಗೆಂದು ಹಿಂದಿನವನ ಮಾತನ್ನು ಯಾರೂ ಮರೆಸಲಿಲ್ಲ. ಕಾಶಿಕೆಯ ಕಾಲಕ್ಕೆ ಕೆಲವು ವಾರ್ತಿಕಗಳು ಸೂತ್ರಪಾಠದ ಒಳಗೆ ಸೇರಿಹೋದದ್ದುಂಟು. ಆದರೂ ಮಹಾಭಾಷ್ಯ ಕೈಯಲ್ಲಿದ್ದುದರಿಂದ ಇದು ಮೂಲ, ಇದು ಸೇರಿದ್ದು ಎಂದು ವಿದ್ವಾಂಸರು ಬೇರ್ಪಡಿಸುವುದು ಸಾಧ್ಯವಾಯಿತು. ಚರಿತ್ರೆಯನ್ನು ಉಳಿಸಿಕೊಂಡದ್ದರ ಫಲ ಅದು.

ದೂರ ಹೋಗಬೇಕಾದದ್ದಿಲ್ಲ. 1931ರಲ್ಲಿ ಇದೇ ಪರಿಷತ್ತು ಪಂಪಭಾರತವನ್ನು ಪ್ರಕಟಿಸಿತಷ್ಟೆ. ಅದರ ಭಾರವನ್ನು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದವರು. ತೂಕ ಅಳತೆಗಳ ಶಾಸ್ತ್ರದಲ್ಲಿ ಪಳಗಿದವರ ಕೈಗೆ ಆದಿಕವಿಯ ಗ್ರಂಥ ಬಂದದ್ದು ಕನ್ನಡಕ್ಕೆ ಅನುಕೂಲವೇ ಆಯಿತೆನ್ನಬೇಕು. ಪ್ರತಿಗಳಲ್ಲಿ ಪಾಠಭೇದ ಬಂದಾಗ ಒಂದನ್ನು ಮೇಲಿರಿಸಿ ಮಿಕ್ಕವನ್ನು ಪುಟದ ಅಡಿಯಲ್ಲಿ ತೋರಿಸುವ ಪದ್ಧತಿ ಒಳ್ಳೆಯ ಸಂಪಾದನೆಗಳಲ್ಲೆಲ್ಲ ಇರುವುದು. ಮೇಲಿರುವುದು ಸಂಪಾದಕನ ಅಭಿಪ್ರಾಯ. ಅಡಿಯಲ್ಲಿರುವುದು, ಆ ಅಭಿಪ್ರಾಯ ತಪ್ಪಾದರೆ ಮುಂದಿನವನಿಗೆ ಬಿಟ್ಟ ದಾರಿ.

ಇನ್ನು ಮೊಮ್ಮಗಳ ತೇಪೆಯ ವಿಷಯ. ಹಳೆಯ ತಂತ್ರಾಂಶಗಳಲ್ಲಿ ಕನ್ನಡವನ್ನು ಕಾಣುವ ಕ್ರಮದಲ್ಲಿ ಶೇಖರಿಸುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮದಲ್ಲಿ ಶೇಖರಿಸುತ್ತಾರೆ. ‘ಧರ್ಮ’ ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಮಕಾರದ ಆಚೆ ಕಾಣುತ್ತದೆ, ಕಿವಿಗೆ ಮಕಾರದ ಹಿಂದೆ ಕೇಳುತ್ತದೆ. ಆದಕಾರಣ ಹಳೆಯದನ್ನು ಹೊಸದಕ್ಕೆ ತಿರುಗಿಸುವಾಗ ಪ್ರೋಗ್ರಾಮು ಅರ್ಕಾವೊತ್ತನ್ನು ಕಂಡೊಡನೆ ಹಿಂದಕ್ಕೆ ನಡೆದುಹೋಗಿ, ರೇಫವನ್ನು ಅದು ನಿಲ್ಲಬೇಕಾದೆಡೆಯಲ್ಲಿ ನಿಲ್ಲಿಸಿ ಬರಬೇಕು. ಎಷ್ಟು ಹೆಜ್ಜೆ ಹಿಂದಕ್ಕೆ? ಇದೇ ಪ್ರಶ್ನೆ. ‘ಧರ್ಮ’ದಲ್ಲಿ ಒಂದು. ‘ಆರ್ದ್ರ’ದಲ್ಲಿ ಒತ್ತಕ್ಷರವೊಂದಿರುವುದರಿಂದ ಎರಡು. ಮೊದಲು ಬರೆದವರು ಇಷ್ಟಕ್ಕೆ ನಿಲ್ಲಿಸಿದ್ದರು. ಈಕೆ ಭಾಷಾಶಾಸ್ತ್ರದ ಪುಸ್ತಕವೊಂದನ್ನು ಪರಿವರ್ತಿಸಲು ಹೋದಾಗ ‘ವರ್ತ್ಸ್ಯ’ವೆಂಬ ಪದ ಸಿಕ್ಕಿ, ರೇಫ ನಡುವೆ ಎಲ್ಲಿಯೋ ಬಿದ್ದು, ಪದ ಮುರಿದುಹೋಯಿತು. ಅದನ್ನು ಮೂರು ಹೆಜ್ಜೆಗೆ ಹೆಚ್ಚಿಸಿ ತೇಪೆ ಸಿದ್ಧಪಡಿಸಿದಳು.

ಮೊದಲನೆಯ ಸಲ ಅದು ಹಿಂದಕ್ಕೆ ಬಂದದ್ದು ಪರೀಕ್ಷೆ ಇಲ್ಲವೆಂಬ ಕಾರಣದಿಂದ. ಪ್ರತಿಯೊಂದು ತಿದ್ದುಪಡಿಯ ಜೊತೆಗೂ ಆ ತಪ್ಪು ಮರುಕಳಿಸಿದರೆ ಕೂಗಿ ಹೇಳುವಂಥ ಒಂದು ಸಣ್ಣ ಪರೀಕ್ಷೆಯನ್ನು ಜೋಡಿಸಬೇಕೆಂಬುದು ಈ ಜನರ ಕಟ್ಟಳೆ. ನಾಳೆ ಇನ್ನೊಬ್ಬರು ಇನ್ನೇನನ್ನೋ ಸರಿಮಾಡಲು ಹೋಗಿ ಇದನ್ನು ಕೆಡಿಸಿದರೆ, ಆ ಕ್ಷಣದಲ್ಲಿಯೇ ಅದು ಹೊರಬೀಳುತ್ತದೆ. ವೇದಾಧ್ಯಾಯಿಗಳು ಪದ, ಕ್ರಮ, ಜಟೆ, ಘನ ಎಂದು ಒಂದೇ ಮಂತ್ರವನ್ನು ಹಿಂದುಮುಂದಾಗಿ ಹೆಣೆದು ಹೇಳುವುದು ಮತ್ತೇನಕ್ಕೆ? ಒಂದು ಸ್ವರ ಸರಿದರೂ ಹೆಣಿಗೆ ಬಿಚ್ಚಿಹೋಗಿ ಎದುರಿಗೆ ಕುಳಿತವನು ತಲೆಯೆತ್ತಲೆಂದೇ ಅಲ್ಲವೆ!

ಎರಡನೆಯ ಸಲದ ಆಕ್ಷೇಪಣೆಯೇ ಆಕೆಗೆ ನೋವುಂಟುಮಾಡಿದ್ದು. ಪರೀಕ್ಷೆಯನ್ನು ಸೇರಿಸುವಾಗ, ಕೈಗೆ ಸಿಕ್ಕಿತೆಂದು ‘ರ‍್ಯಾಂಕ್’ ಎಂಬಂಥ ಮಾತುಗಳಲ್ಲಿ ರಕಾರವು ಅರ್ಕಾವೊತ್ತಾಗದೆ ಪೂರ್ತಿ ಅಕ್ಷರವಾಗಿಯೇ ನಿಲ್ಲುವಂತೆಯೂ ಮಾಡಿದ್ದಳು. ‘ಸೂರ್ಯ’ನಿಗೆ ಅರ್ಕಾವೊತ್ತು ಸಲ್ಲುವುದು, ಇಂಗ್ಲಿಷಿನಿಂದ ಬಂದ ಈ ಮಾತಿಗೆ ಸಲ್ಲದು. ಇದಕ್ಕಾಗಿ ನಡುವೆ ಕಣ್ಣಿಗೆ ಕಾಣದ ಸಂಜ್ಞೆಯೊಂದನ್ನು ಇಡುತ್ತಾರೆ. ಎರಡೂ ಸರಿಯಾದ ತಿದ್ದುಪಡಿಗಳೇ. ಆದರೆ ಪರಿಶೀಲಕರು ಬರೆದಿದ್ದರು: ಒಂದು ತೇಪೆಯಲ್ಲಿ ಒಂದೇ ಕೆಲಸವಿರಬೇಕು, ಇದನ್ನು ಎರಡಾಗಿ ಒಡೆದು ಕಳಿಸಬೇಕು. ಅಲ್ಲದೆ, ಒತ್ತಕ್ಷರಗಳು ಎರಡಕ್ಕಿಂತ ಹೆಚ್ಚಿರುವ ಪದವೇ ಇಲ್ಲವೆಂದು ಹೇಗೆ ಹೇಳುತ್ತೀರಿ?

“ಎರಡೂ ಸರಿಯಾಗಿದೆ ಅಂತ ಅವರೇ ಒಪ್ಪುತ್ತಾರೆ, ತಾತ. ಸುಮ್ಮನೆ ಹಟ ಅಲ್ಲವೆ?”

“ಹಟವಲ್ಲಮ್ಮ, ವಾಕ್ಯಭೇದ,” ಎಂದರು ಪಂಡಿತರು. ಒಂದು ವಿಧಿವಾಕ್ಯ ಎರಡು ಅರ್ಥಗಳನ್ನು ವಿಧಿಸಬಾರದು, ವಿಧಿಸಿದರೆ ವಾಕ್ಯವೇ ಒಡೆದುಹೋಗುತ್ತದೆ ಎಂದು ಮೀಮಾಂಸಕರು ಎರಡು ಸಾವಿರ ವರ್ಷದಿಂದ ಹೇಳುತ್ತಿದ್ದಾರೆ. ಅದರ ಪ್ರಯೋಜನವನ್ನು ಆಕೆಯೇ ಅಜ್ಜನಿಗೆ ವಿವರಿಸಬೇಕಾಯಿತು: ನಾಳೆ ‘ರ‍್ಯಾಂಕ್’ನ ತಿದ್ದುಪಡಿಯಿಂದ ಏನಾದರೂ ತೊಂದರೆಯಾಗಿ ಅದನ್ನು ಹಿಂತೆಗೆದರೆ, ಕೂಡಿಸಿ ಹೊಲಿದ ಪಕ್ಷದಲ್ಲಿ ‘ವರ್ತ್ಸ್ಯ’ವೂ ಅದರೊಡನೆ ಬಿಚ್ಚಿಕೊಳ್ಳುತ್ತದೆ. ಹೇಳುತ್ತ ಹೇಳುತ್ತ ಆಕೆಯ ಕೋಪವೂ ಇಳಿಯಿತು.

ಈ ನಿಷ್ಠುರತೆ ಇಲ್ಲದಿದ್ದಾಗ ಏನಾಗುತ್ತದೆಂಬುದಕ್ಕೆ ಒಂದು ಪ್ರಸಂಗವನ್ನು ಹೇಳಬಹುದು. ಓಪನ್‌ಎಸ್‌ಎಸ್‌ಎಲ್ ಎಂಬುದು ಗುಪ್ತವ್ಯವಹಾರಕ್ಕೆ ಬೇಕಾದ ಬೀಗದ ಕೈಗಳನ್ನು ತಯಾರಿಸುವ ಮುಕ್ತ ತಂತ್ರಾಂಶ. ಡೆಬಿಯನ್ ಎಂಬ ಸಂಘದವರು ಅದನ್ನು ತಮ್ಮ ಸಂಗ್ರಹದಲ್ಲಿ ಸೇರಿಸಿ ಹಂಚುತ್ತಾರೆ. 2006ರಲ್ಲಿ ಅವರ ಕಡೆಯವರೊಬ್ಬರು, ತಪ್ಪು ಹುಡುಕುವ ಸಾಧನವೊಂದು ದೂರು ಹೇಳಿದ್ದನ್ನು ನಂಬಿ, ಅರ್ಥವಿಲ್ಲದಂತೆ ತೋರಿದ ಸಾಲನ್ನು ತೆಗೆದುಹಾಕಿದರು. ಅವರು ಕೇಳದೆ ಮಾಡಲಿಲ್ಲ; ಮೂಲದವರ ಕಡೆ ವಿಚಾರಿಸಿದರು, ಅಡ್ಡಿಯಿಲ್ಲವೆಂಬ ಅರ್ಥದ ಉತ್ತರವೂ ಬಂದಿತು. ಆದರೆ ಆ ತೇಪೆ ಮೂಲಗ್ರಂಥದ ಒಳಗೆ ಹೋಗಿ ಬಲ್ಲವರ ಪೂರ್ಣ ಪರೀಕ್ಷೆಗೆ ಒಳಗಾಗಲಿಲ್ಲ. ಇವರ ಪ್ರತಿಯಲ್ಲಿ ಮಾತ್ರ ಉಳಿಯಿತು. ತೆಗೆದ ಸಾಲೇ ಬೀಗದ ಕೈಗೆ ವೈವಿಧ್ಯವನ್ನು ಕೊಡುತ್ತಿದ್ದದ್ದು. ಎಣಿಕೆಗೆ ಸಿಕ್ಕದಷ್ಟು ಬಗೆಯಾಗಬೇಕಾಗಿದ್ದ ಕೈಗಳು ಸುಮಾರು 32,000 ಬಗೆಗೆ ಇಳಿದವು. ಅಷ್ಟನ್ನು ಮೊದಲೇ ಮಾಡಿಟ್ಟುಕೊಂಡ ಕಳ್ಳನಿಗೆ ಯಾವ ಬೀಗವೂ ಬೀಗವಲ್ಲ. ಇದು ಬೆಳಕಿಗೆ ಬಂದು ಸರಿಯಾದದ್ದು 2008ರ ಮೇ ತಿಂಗಳಲ್ಲಿ. ಸುಮಾರು ಎರಡು ವರ್ಷ ಲೋಕದ ಎಷ್ಟೋ ಯಂತ್ರಗಳು ಬಾಗಿಲು ಹಾಕಿಕೊಂಡಿದ್ದೇವೆಂದು ತಿಳಿದು ತೆರೆದುಕೊಂಡೇ ಇದ್ದವು. ಆದರೂ ಒಂದು ಸಮಾಧಾನ: ಯಾವ ಸಾಲು, ಎಂದು, ಯಾರಿಂದ, ಏತಕ್ಕೆ ತೆಗೆಯಲ್ಪಟ್ಟಿತೆಂಬುದು ದಾಖಲೆಯಲ್ಲಿತ್ತು. ಆದದ್ದರಿಂದಲೇ ಅದನ್ನು ಮತ್ತೆ ತಂದಿಡುವುದು ಕ್ಷಣದ ಕೆಲಸವಾಯಿತು.

ಪಂಡಿತರು ಈ ಪ್ರಸಂಗವನ್ನು ಮೊಮ್ಮಗಳಿಂದ ಎರಡು ಸಲ ಹೇಳಿಸಿಕೊಂಡರು. ‘ಅರ್ಥವಿಲ್ಲದಂತೆ ತೋರಿದ ಸಾಲು’ ಎಂಬ ಮಾತು ಅವರನ್ನು ಬಿಡಲಿಲ್ಲ. ಬಳಿಕ, ಮನೆಯವರಾರಿಗೂ ಅದುವರೆಗೆ ತಿಳಿಸದಿದ್ದುದನ್ನು ಹೇಳಿದರು.

ಅವರಿಗೆ ಇಪ್ಪತ್ತೈದರ ಒಳಗಿನ ವಯಸ್ಸು. ಪಾಠಶಾಲೆಯಿಂದ ಹೊರಬಿದ್ದು ಒಂದು ಸಣ್ಣ ಊರಿನ ಶಾಲೆಗೆ ಹೋಗಿದ್ದರು. ಅಲ್ಲಿಯ ಮನೆತನವೊಂದರಲ್ಲಿ ಓಲೆಗರಿಯ ಒಂದು ಕಟ್ಟು; ಯಾರೋ ಹೆಸರಿಲ್ಲದ ಕವಿಯ ನೂರು ಚಿಲ್ಲರೆ ಪದ್ಯ. ಬೇರೆ ಪ್ರತಿ ಎಲ್ಲಿಯೂ ಇಲ್ಲ. ಊರಿನವರು ಹಣ ಕೂಡಿಸಿ, ಸಂಸ್ಕೃತ ಬಲ್ಲ ಹುಡುಗ ಮೇಷ್ಟರೆಂದು ಇವರ ಕೈಗೆ ಅದನ್ನೊಪ್ಪಿಸಿ, ಅಚ್ಚಿಗೆ ಸಿದ್ಧಮಾಡಿಕೊಡಬೇಕೆಂದರು. ಇವರಿಗೆ ಸಂಸ್ಕೃತ ಬರುತ್ತಿತ್ತು. ಹಳಗನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಒಂದು ಪದ್ಯದ ಮೂರನೆಯ ಪಾದದಲ್ಲಿ ಮಾತೊಂದು ಬಗೆಹರಿಯಲಿಲ್ಲ. ಅದರ ನಡುವಣ ಅಕ್ಷರವು ಅಕ್ಷರವೆಂದೇ ಅವರಿಗೆ ತೋರಲಿಲ್ಲ; ಲಿಪಿಕಾರನ ಕಂಟ ಜಾರಿ ಆದ ಗೀರೆಂದು ಭಾವಿಸಿದರು. ಛಂದಸ್ಸಿಗೆ ಒಂದು ಲಘು, ಒಂದು ಗುರು ಬೇಕಾಗಿತ್ತು. ‘ಮನಂ’ ಎಂದು ಹಾಕಿದರು. ಪದ್ಯ ಸೊಗಸಾಗಿ ಕೂತಿತು. ಟಿಪ್ಪಣಿ ಬರೆಯಲಿಲ್ಲ. ಬರೆದಿದ್ದರೆ ತಮಗೆ ಓದಲು ಬರಲಿಲ್ಲವೆಂದು ಒಪ್ಪಿಕೊಂಡಂತಾಗುತ್ತಿತ್ತಲ್ಲ! ಪುಸ್ತಕ ಅಚ್ಚಾಯಿತು, ಊರಿನಲ್ಲಿ ಶಾಲು ಹೊದಿಸಿದರು. ಕೆಲವು ವರ್ಷಗಳ ಮೇಲೆ ಒಂದು ಮಳೆಗಾಲದಲ್ಲಿ ಆ ಮನೆಯ ಗೋಡೆ ಕುಸಿದು ಓಲೆಗರಿಗಳೆಲ್ಲ ಮಣ್ಣಾದವು.

ರಳವೆಂದು ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿವರಿಸಿರುವ ‘ೞ’ ಅಕ್ಷರದ ಪರಿಚಯ ಅವರಿಗಾದದ್ದು ಆಮೇಲೆ. ಆ ರೂಪವನ್ನು ಕಂಡ ದಿನ ಎದೆ ಹಾರಿತಂತೆ. ಅಂದಿನ ಗೀರು ಅದೇ. ಪರಿಷತ್ತಿನ ನಿಘಂಟಿನ ಸಂಪುಟಗಳು ಒಂದೊಂದಾಗಿ ಬಂದಾಗಲೆಲ್ಲ ಹುಡುಕಿದರು. ‘ಅೞಲ್’ ಇರಬಹುದೆ? ದುಃಖ. ‘ಬೞಲ್’ ಇರಬಹುದೆ? ದಣಿಯುವುದು. ‘ಕೞಲ್’ ಇರಬಹುದೆ? ಕಳಚಿಬೀಳುವುದು. ಮೂರೂ ಆ ಪಾದಕ್ಕೆ ಹೊಂದುತ್ತವೆ. ಮೂರಕ್ಕೂ ಪದ್ಯ ಬೇರೆ ಬೇರೆ ಪದ್ಯವಾಗುತ್ತದೆ. ಆ ಕವಿ ಏನನ್ನು ಹೇಳಿದ್ದನೆಂದು ಇನ್ನು ಯಾರಿಗೂ ತಿಳಿಯುವಂತಿಲ್ಲ. ಅವನು ಹೇಳಲಿಲ್ಲವೆಂದು ಖಂಡಿತವಾಗಿ ತಿಳಿದಿರುವುದು ‘ಮನಂ’ ಎಂಬುದೊಂದೇ. ಅದೂ ಈ ಒಬ್ಬರಿಗೆ ಮಾತ್ರ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಅಕ್ಷರಕ್ಕೆ ನಮ್ಮವರೂ ಅನ್ಯಾಯ ಮಾಡಿದ್ದಾರೆ, ತಾತ,” ಎಂದು ಯೂನಿಕೋಡಿನ ಪಟ್ಟಿಯನ್ನು ತೆಗೆದು ತೋರಿಸಿದಳು. ಅದರಲ್ಲಿ ಕನ್ನಡದ ಅಕ್ಷರಗಳಿಗೆ ಒಂದೊಂದು ಸಂಖ್ಯೆಯೂ ಒಂದೊಂದು ಹೆಸರೂ ಇವೆ. ‘ೞ’ ಎಂಬುದಕ್ಕೆ ಅವರು ಇಟ್ಟ ಹೆಸರು ‘ಫ಼’ ಎಂಬರ್ಥದ ‘ಎಫ್‌ಎ’! ರಳಕ್ಕೂ ಫಕಾರಕ್ಕೂ ಏನು ನಂಟು? ಯಾರದೋ ಕೈತಪ್ಪು. ಆದರೆ ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಾಯಿಸತಕ್ಕದ್ದಲ್ಲವೆಂದು ಆ ಸಂಘದವರ ನಿಯಮವಿದೆ. ಏಕೆಂದರೆ ಆ ಹೆಸರನ್ನು ನಂಬಿಕೊಂಡು ಲೋಕದಲ್ಲಿ ಎಷ್ಟು ಪ್ರೋಗ್ರಾಮುಗಳಿವೆಯೋ ಯಾರು ಬಲ್ಲರು? ಆದ್ದರಿಂದ ಅವರು ತಪ್ಪು ಹೆಸರನ್ನು ಹಾಗೆಯೇ ಇಟ್ಟು, ಅದರ ಕೆಳಗೆ ‘ಳ್ಳ್ಳ’ ಎಂಬಂತೆ ಓದತಕ್ಕ ಸರಿಯಾದ ಹೆಸರನ್ನು ಸೇರಿಸಿ, ಮೇಲಿನದು ತಪ್ಪೆಂದು ಸ್ಪಷ್ಟವಾಗಿ ಬರೆದಿದ್ದಾರೆ. ಕನ್ನಡಾಭಿಮಾನಿಗಳಿಗೆ ಇದು ಅವಮಾನವೆಂದು ತೋರಬಹುದು. ಪಂಡಿತರಿಗೆ ಹಾಗೆ ತೋರಲಿಲ್ಲ. ಕನ್ನಡಕವನ್ನು ಒರೆಸಿಕೊಂಡು, “ಇವರು ಒಪ್ಪಿಕೊಂಡಿದ್ದಾರಲ್ಲ, ಮಗು,” ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಪರಿಶೀಲಕರ ಎರಡನೆಯ ಪ್ರಶ್ನೆಯ ಕಡೆಗೆ ಗಮನ ಹರಿಯಿತು. ಒತ್ತಕ್ಷರ ಎರಡಕ್ಕಿಂತ ಹೆಚ್ಚಿದ್ದು, ಮೇಲೆ ರೇಫವೂ ಇರುವ ಪದವುಂಟೆ? ಪಂಡಿತರು ಕಾಫಿಯ ಲೋಟವನ್ನು ಕೆಳಗಿಟ್ಟು ‘ಕಾರ್ತ್ಸ್ನ್ಯ’ ಎಂದರು. ಸಮಗ್ರತೆಯೆಂದರ್ಥ. ರೇಫದ ಬಳಿಕ ತಕಾರ, ಅದಕ್ಕೆ ಸಕಾರ, ನಕಾರ, ಯಕಾರಗಳ ಮೂರು ಒತ್ತು. ಪಾಠಶಾಲೆಯಲ್ಲಿ ನಾಲಗೆ ತಿರುಗದ ಹುಡುಗರನ್ನು ಅಳಿಸುತ್ತಿದ್ದ ಪದ ಅದು. ಈಗ ಯಂತ್ರವನ್ನೂ ಅಳಿಸಿತು. ಮೊಮ್ಮಗಳ ಮೂರು ಹೆಜ್ಜೆಯ ತೇಪೆ ಅಲ್ಲಿ ಸೋತಿತು. ನಾಲ್ಕಕ್ಕೆ ಹೆಚ್ಚಿಸುತ್ತೇನೆಂದು ಆಕೆ ಹೊರಟಾಗ ಪಂಡಿತರು ತಡೆದರು. ಎಣಿಸುತ್ತಾ ಹೋಗುವುದು ಲಕ್ಷಣವಲ್ಲ. ಒತ್ತಕ್ಷರ ಮುಗಿಯುವ ವರೆಗೆ ಹಿಂದಕ್ಕೆ ನಡೆ ಎಂದರೆ ಒಂದೇ ಸೂತ್ರದಲ್ಲಿ ಎಲ್ಲವೂ ಸಿದ್ಧಿಸುವುದಿಲ್ಲವೆ? ಆಕೆ ಹಾಗೆಯೇ ಬರೆದಳು. ಹನ್ನೊಂದು ಸಾಲು ಹೋಗಿ ನಾಲ್ಕು ಸಾಲು ಬಂದಿತು. ‘ಧರ್ಮ’, ‘ಆರ್ದ್ರ’, ‘ವರ್ತ್ಸ್ಯ’, ‘ಕಾರ್ತ್ಸ್ನ್ಯ’ ಈ ನಾಲ್ಕೂ ಪರೀಕ್ಷೆಯ ಪದಗಳಾದವು. ‘ರ‍್ಯಾಂಕ್’ ಬೇರೆ ತೇಪೆಯಾಗಿ ಹೋಯಿತು.

ಮೂರನೆಯ ದಿನ ಒಪ್ಪಿಗೆ ಬಂತು. ತೇಪೆಯ ತಲೆಯಲ್ಲಿ ಬರೆದವಳ ಹೆಸರಿತ್ತು, ಪರಿಶೀಲಿಸಿದವರ ಹೆಸರಿತ್ತು, ನಡುವೆ, ಸಲಹೆ ಕೊಟ್ಟವರೆಂದು ಪಂಡಿತರ ಹೆಸರೂ ಇತ್ತು. ಹೀಗೆ ಹೊಣೆ ಹೊತ್ತವರೆಲ್ಲರೂ ಹೆಸರು ಬರೆಯುವ ಪದ್ಧತಿ ಲಿನಕ್ಸಿನವರಲ್ಲಿ 2004ರಲ್ಲಿ ನಿಯಮವಾಗಿ ಬಂದದ್ದು. ಮರುವರ್ಷ ಲಿನಸ್ ಟೋರ್ವಾಲ್ಡ್ಸ್ ಅವರು ರಚಿಸಿದ ಗಿಟ್ ಎಂಬ ಸಾಧನದಲ್ಲಿ ಪ್ರತಿಯೊಂದು ಬದಲಾವಣೆಯೂ ಹಿಂದಿನದಕ್ಕೆ ಕೊಂಡಿ ಹಾಕಿಕೊಂಡಿರುವುದರಿಂದ ನಡುವಿನದೊಂದನ್ನು ಯಾರಿಗೂ ತಿಳಿಯದಂತೆ ತಿದ್ದುವುದು ಸಾಧ್ಯವಾಗದು.

ಪಂಡಿತರು ತಮ್ಮ ಹೆಸರನ್ನು ನೋಡಿ ಏನೂ ಹೇಳದೆ ಒಳಗೆ ಹೋದರು. ಅಟ್ಟದ ಪೆಟ್ಟಿಗೆಯಿಂದ ಹಳದಿಗಟ್ಟಿದ ಪುಸ್ತಕವೊಂದನ್ನು ಇಳಿಸಿ, ಧೂಳು ಕೊಡವಿ, ತಂದು ಮೇಜಿನ ಮೇಲಿಟ್ಟರು. ಪುಟವನ್ನು ಹುಡುಕಬೇಕಾದದ್ದಿರಲಿಲ್ಲ, ಅದಾಗಿಯೇ ತೆರೆದುಕೊಂಡಿತು. ಪೆನ್ನು ತೆಗೆದುಕೊಂಡು ಅಂಚಿನಲ್ಲಿ ಮೊದಲು ಕಳೆಯುವ ಗುರುತನ್ನು ಹಾಕಿ, ಇಲ್ಲಿ ಮೂಲದಲ್ಲಿ ರಳವುಳ್ಳ ಬೇರೆ ಮಾತಿತ್ತು, ಅೞಲ್, ಬೞಲ್, ಕೞಲ್ ಇವುಗಳಲ್ಲಿ ಒಂದಿರಬಹುದು ಎಂದು ಬರೆದರು. ಅದರ ಕೆಳಗೆ ಕೂಡುವ ಗುರುತನ್ನು ಹಾಕಿ ‘ಮನಂ’ ಎಂದು ಬರೆದರು. ಅದರ ಕೆಳಗೆ, ತಿದ್ದಿದವನು ಎಂದು ತಮ್ಮ ಹೆಸರನ್ನೂ ಅಂದಿನ ತಾರೀಖನ್ನೂ ಹಾಕಿದರು. ಈ ಪುಸ್ತಕದ ಪ್ರತಿಗಳಿರುವ ಎರಡು ಭಂಡಾರಗಳಿಗೆ ಕಳಿಸಲೆಂದು ಅದೇ ಮಾತುಗಳನ್ನು ಎರಡು ಕಾರ್ಡುಗಳಲ್ಲಿ ನಕಲುಮಾಡಿದರು.

“ಇದನ್ನು ಯಾರು ನೋಡುತ್ತಾರೆ, ತಾತ?” ಎಂದಳು ಮೊಮ್ಮಗಳು.

“ಅದಿರಲಿ. ನೀನು ಒಂದು ಸಲ ಓದು. ಓದಿ, ಕೆಳಗೆ ನಿನ್ನ ಹೆಸರು ಹಾಕು. ಪರಿಶೀಲಿಸಿದವರ ರುಜುವೂ ಬೇಕಲ್ಲವೆ?”

ಆಕೆ ಓದಿದಳು. ‘ಬೞಲ್’ ಎಂಬಲ್ಲಿ ರಳದ ಕೆಳಗಣ ಗೆರೆ ಅಳಿಸಿದಂತಿತ್ತು, ಅದನ್ನು ತೋರಿಸಿದಳು. ಪಂಡಿತರು ಸರಿಪಡಿಸಿದರು. ಆಮೇಲೆ ರುಜು ಹಾಕಿದಳು.